ಲಕ್ಸೆಂಬರ್ಗ್‌ನ ಬಾಹ್ಯಾಕಾಶ ಕೆಲಸ: ಅಷ್ಟು ಚಿಕ್ಕ ದೇಶದಲ್ಲಿ ಬೆಳೆಯೋಕೆ ಜಾಗ ಇದೆಯಾ?

ಪ್ರಶ್ನೆ: ನನಗೆ 27 ವರ್ಷ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ, ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ಸಣ್ಣ ಉಪಗ್ರಹ ಕಂಪನಿಯಲ್ಲಿ ಆನ್‌ಬೋರ್ಡ್ ಸಾಫ್ಟ್‌ವೇರ್, ಅಂದರೆ ಉಪಗ್ರಹದೊಳಗೇ ಓಡುವ ಸಾಫ್ಟ್‌ವೇರ್, ಬರೆಯುತ್ತಿದ್ದೇನೆ. ಯುರೋಪಿನ ಲಕ್ಸೆಂಬರ್ಗ್ ವಿಶ್ವವಿದ್ಯಾಲಯದ ಸ್ಪೇಸ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಅದೇ ಹೊತ್ತಿಗೆ ಅಲ್ಲಿನ ಒಂದು ಸ್ಟಾರ್ಟಪ್ ಜೊತೆ ಕೆಲಸದ ಮಾತುಕತೆಯೂ ನಡೆದಿದೆ. ಮನೆಯಲ್ಲಿ, 'ಮ್ಯಾಪಿನಲ್ಲಿ ಹುಡುಕಿದರೂ ಸಿಗದ ದೇಶ, ಅಲ್ಲಿ ಹೋಗಿ ಏನು ಬೆಳೀತೀಯ' ಅಂತಾರೆ. ಕಂಪನಿ ಮುಚ್ಚಿದರೆ ಗತಿ ಏನು? ಮಾಸ್ಟರ್ಸ್ ಒಳ್ಳೆಯದಾ, ಕೆಲಸ ಒಳ್ಳೆಯದಾ? ಹತ್ತು ವರ್ಷ ಬಿಟ್ಟು ವಾಪಸ್ ಬಂದರೆ ಬೆಂಗಳೂರಿನಲ್ಲಿ ನನಗೆ ಬೆಲೆ ಇರುತ್ತಾ?

ಉತ್ತರ: ಜಾಗ ಇದೆ. ಆದರೆ ನಿಮ್ಮ ಮನೆಯವರು 'ಬೆಳೆಯೋದು' ಅಂದಾಗ ಕಣ್ಣಮುಂದೆ ಬರುವ ಚಿತ್ರ ಅಲ್ಲಿ ಸಿಗೋದು ಕಷ್ಟ. ದೊಡ್ಡ ಸಂಸ್ಥೆಗೆ ಸೇರಿ, ನಾಲ್ಕು ವರ್ಷಕ್ಕೊಂದು ಬಡ್ತಿ ಪಡೆದು, ನಿವೃತ್ತಿ ಹೊತ್ತಿಗೆ ಇನ್ನೂರು ಜನರ ವಿಭಾಗಕ್ಕೆ ಮುಖ್ಯಸ್ಥರಾಗುವ ದಾರಿ ಅಲ್ಲಿ ತುಂಬಾ ಕಿರಿದು. ಒಂದು ಉಪಗ್ರಹ ಹುಟ್ಟಿ, ಹಾರಿ, ದುಡಿದು, ಸಾಯುವವರೆಗಿನ ಎಲ್ಲ ಕೆಲಸವನ್ನೂ ಹತ್ತಿರದಿಂದ ನೋಡಿ ಕಲಿಯುವ ದಾರಿ ಮಾತ್ರ ಅಗಲವಾಗಿದೆ. ಈ ಎರಡರಲ್ಲಿ ಯಾವುದು ಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ನನ್ನ ಕಡೆಯಿಂದ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನಿಮ್ಮ ಸಂಬಳದ ದುಡ್ಡು ಯಾರ ಜೇಬಿನಿಂದ ಬರುತ್ತದೆ ಅಂತ ಗೊತ್ತಿಲ್ಲದೆ ಅಲ್ಲಿನ ಯಾವ ಕಂಪನಿಗೂ ಸಹಿ ಹಾಕಬೇಡಿ.

ದೇಶ ಎಷ್ಟು ಚಿಕ್ಕದು ಅನ್ನೋದನ್ನು ಮೊದಲು ಲೆಕ್ಕದಲ್ಲಿ ನೋಡಿ. ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಏಳು ಲಕ್ಷದೊಳಗೆ. ಸಮುದ್ರ ಇಲ್ಲ, ಉಡಾವಣಾ ಕೇಂದ್ರ ಇಲ್ಲ, ರಾಕೆಟ್ ಕಟ್ಟುವ ಆಸೆಯೂ ಆ ದೇಶಕ್ಕೆ ಇಲ್ಲ. ಹಾಗಿದ್ದರೆ ಬಾಹ್ಯಾಕಾಶಕ್ಕೂ ಅದಕ್ಕೂ ಏನು ಸಂಬಂಧ? ಇದು ಗೊತ್ತಿದ್ದರೆ ಯಾವ ಕೆಲಸ ಗಟ್ಟಿ, ಯಾವುದು ಟೊಳ್ಳು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಲಕ್ಸೆಂಬರ್ಗ್‌ಗೆ ಪ್ರಸಾರದ ಚಟ ಹಳೆಯದು. 1933ರಲ್ಲೇ ರೇಡಿಯೋ ಲಕ್ಸೆಂಬರ್ಗ್ ಶುರುವಾಯಿತು. ಬ್ರಿಟನ್ನಿನಲ್ಲಿ ಬಿಬಿಸಿ ಜಾಹೀರಾತು ಹಾಕುತ್ತಿರಲಿಲ್ಲ. ಇವರು ತಮ್ಮ ನೆಲದಿಂದ ಇಂಗ್ಲಿಷ್ ಕಾರ್ಯಕ್ರಮ ಬಿಟ್ಟು, ಅದರಲ್ಲಿ ಜಾಹೀರಾತು ಹಾಕಿ ದುಡ್ಡು ಮಾಡಿದರು. 1970ರ ದಶಕದಲ್ಲಿ ಅವರ ಉಕ್ಕಿನ ಉದ್ಯಮ ಕುಸಿಯಿತು. ದೇಶದ ಅನ್ನವೇ ಉಕ್ಕು ಆಗಿತ್ತು. ಹೊಸ ದಾರಿ ಹುಡುಕುವಾಗ ಸರ್ಕಾರದ ಕಣ್ಣು ಮತ್ತೆ ಪ್ರಸಾರದ ಮೇಲೆ ಬಿತ್ತು. 1985ರಲ್ಲಿ ಎಸ್‌ಇಎಸ್ ಅನ್ನುವ ಕಂಪನಿ ಹುಟ್ಟಿತು. ಸರ್ಕಾರವೇ ಬೆನ್ನಿಗೆ ನಿಂತಿತು. 1988ರ ಡಿಸೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರೂನಿಂದ ಏರಿಯಾನ್ 4 ರಾಕೆಟ್ ಏರಿ ಆಸ್ಟ್ರಾ 1ಎ ಹೋಯಿತು. ಹದಿನಾರು ಟಿವಿ ಚಾನೆಲ್‌ಗಳನ್ನು ಯುರೋಪಿನ ಮನೆಗಳ ಛಾವಣಿಯ ಸಣ್ಣ ಡಿಶ್‌ಗೆ ನೇರವಾಗಿ ಇಳಿಸುವ ಉಪಗ್ರಹ ಅದು. ಇವತ್ತಿಗೂ ಆ ಕಂಪನಿಯ ಮತದಾನದ ಹಕ್ಕಿನಲ್ಲಿ ಮೂರನೇ ಒಂದು ಭಾಗ ಲಕ್ಸೆಂಬರ್ಗ್ ಸರ್ಕಾರ ಮತ್ತು ಸರ್ಕಾರಿ ಬ್ಯಾಂಕುಗಳ ಕೈಯಲ್ಲಿದೆ.

ಅಂದರೆ ಆ ದೇಶ ಬಾಹ್ಯಾಕಾಶಕ್ಕೆ ಹೋದದ್ದು ವ್ಯಾಪಾರಕ್ಕೆ. ನಮ್ಮಲ್ಲಿ ಇಸ್ರೋ ಬೆಳೆದದ್ದು ಸ್ವಂತವಾಗಿ ಎಲ್ಲವನ್ನೂ ಕಟ್ಟಬೇಕು ಅನ್ನುವ ಹಟದಿಂದ. ರಾಕೆಟ್ಟೂ ನಮ್ಮದು, ಉಪಗ್ರಹವೂ ನಮ್ಮದು, ಅದರ ನಟ್ಟು ಬೋಲ್ಟೂ ನಮ್ಮದು. ಲಕ್ಸೆಂಬರ್ಗ್ ಉಪಗ್ರಹವನ್ನು ಬೇರೆಯವರಿಂದ ಕೊಂಡಿತು, ಬೇರೆಯವರ ರಾಕೆಟ್‌ನಲ್ಲಿ ಕಳಿಸಿತು, ನಡೆಸುವುದನ್ನು ಮಾತ್ರ ತಾನು ಚೆನ್ನಾಗಿ ಕಲಿಯಿತು. ಕೆಲಸ ಹುಡುಕುವವರು ಈ ವ್ಯತ್ಯಾಸ ಮರೆಯಬಾರದು.

'ನಡೆಸುವುದು' ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಬೆಂಗಳೂರಿನ ಹುಡುಗರು ಇದನ್ನು ಸುಮ್ನೆ ಪರದೆ ನೋಡುವ ಕೆಲಸ ಅಂದುಕೊಂಡಿರ್ತಾರೆ. ಎಸ್‌ಇಎಸ್‌ನ ಕೇಂದ್ರ ಇರುವುದು ಬೆಟ್ಸ್‌ಡೋರ್ಫ್ ಅನ್ನುವ ಹಳ್ಳಿಯಲ್ಲಿ. ಹಿಂದೆ ರಾಜಮನೆತನದವರು ಇದ್ದ ಕೋಟೆಮನೆಯ ಆವರಣ ಅದು. ಸುತ್ತ ಹುಲ್ಲುಗಾವಲು, ನಡುವೆ ಸಾಲು ಸಾಲು ಡಿಶ್ ಆಂಟೆನಾ. ಇಸ್ರೋ ಉಪಗ್ರಹಗಳನ್ನು ನಿಯಂತ್ರಿಸುವ ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿದವರಿಗೆ ಆ ದೃಶ್ಯ ಹೊಸದಲ್ಲ. ಕೆಲಸವೂ ಅದೇ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹ ಒಂದೇ ಕಡೆ ನಿಂತಿದೆ ಅಂತ ನಾವು ಹೇಳ್ತೀವಿ, ಆದರೆ ಅದು ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಅದರ ಕಕ್ಷೆ ಉತ್ತರ ದಕ್ಷಿಣಕ್ಕೆ ವಾಲುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ. ಅದನ್ನು ಸರಿಪಡಿಸಲು ಪ್ರತಿ ವರ್ಷ ಸೆಕೆಂಡಿಗೆ ಸುಮಾರು 50 ಮೀಟರ್ ವೇಗ ಬದಲಾವಣೆಗೆ ಆಗುವಷ್ಟು ಇಂಧನ ಸುಡಬೇಕು. ಆ ಇಂಧನವೇ ಉಪಗ್ರಹದ ಆಯಸ್ಸು.

ಇನ್ನೂ ಬಿಗಿಯಾದ ವಿಷಯ ಇದೆ. 19.2 ಡಿಗ್ರಿ ಪೂರ್ವ ರೇಖಾಂಶ ಅನ್ನುವ ಒಂದೇ ಸ್ಥಾನದಲ್ಲಿ ಎಸ್‌ಇಎಸ್ ಹಲವು ಉಪಗ್ರಹಗಳನ್ನು ಒಟ್ಟಿಗೆ ಇಟ್ಟಿತು. ಒಂದೇ ಡಿಶ್ ಹಾಕಿಕೊಂಡ ಮನೆಗೆ ಎಲ್ಲ ಚಾನೆಲ್ಲೂ ಬರಬೇಕಲ್ಲ, ಅದಕ್ಕೆ. ಆಚೀಚೆ 0.1 ಡಿಗ್ರಿ ಅಂದರೆ ಸುಮಾರು 150 ಕಿಲೋಮೀಟರ್ ಅಗಲದ ಪೆಟ್ಟಿಗೆ. ಅದರೊಳಗೆ ಹಲವು ಟನ್ ತೂಕದ ಉಪಗ್ರಹಗಳು, ಯಾವುದೂ ಇನ್ನೊಂದರ ಹತ್ತಿರ ಬರಬಾರದು. ಪ್ರತಿಯೊಂದರ ಕಕ್ಷೆಯ ಅಂಡಾಕಾರವನ್ನೂ ವಾಲಿಕೆಯನ್ನೂ ಚೂರು ಚೂರು ಬೇರೆ ಮಾಡಿ, ಅವು ಒಂದರ ಸುತ್ತ ಒಂದು ಸುತ್ತುವ ಹಾಗೆ ನೋಡಿಕೊಳ್ಳಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್ ಬಂತು ಅಂದರೆ ಗ್ರಹಣದ ಕಾಲ. ಸುಮಾರು ಆರು ವಾರ, ದಿನಾ ಒಂದು ಸಲ ಭೂಮಿಯ ನೆರಳು. ಜಾಸ್ತಿ ಅಂದರೆ 72 ನಿಮಿಷ. ಅಷ್ಟೂ ಹೊತ್ತು ಬ್ಯಾಟರಿಯೇ ಗತಿ. ವಯಸ್ಸಾದ ಉಪಗ್ರಹದ ಬ್ಯಾಟರಿ ಆ ನೆರಳಿನಿಂದ ಹೊರಬರುವ ತನಕ ಪಾಳಿಯಲ್ಲಿರುವ ಇಂಜಿನಿಯರ್ ಕಾಫಿಗೂ ಏಳುವುದಿಲ್ಲ. ಈ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬರುವುದು ಅಪರೂಪ. ಆದರೆ ಲಕ್ಸೆಂಬರ್ಗ್‌ನ ಇಡೀ ಉದ್ಯಮ ನಿಂತಿರುವುದು ಇದರ ಮೇಲೆ. ಇದನ್ನು ಬಲ್ಲವರಿಗೆ ಜಗತ್ತಿನ ಯಾವ ಉಪಗ್ರಹ ಕಂಪನಿಯಲ್ಲೂ ಕುರ್ಚಿ ಇದೆ.

ಈಗ ದುಡ್ಡಿನ ಮಾತು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲೇ ಇರೋದರಿಂದ ಇದನ್ನು ಸ್ವಲ್ಪ ಉದ್ದ ಬರೀತೀನಿ. ಅಲ್ಲಿನ ಕಂಪನಿಗಳು, ಪ್ರಯೋಗಾಲಯಗಳು ಎಲ್ಲ ಸೇರಿಸಿದರೂ ನೂರರ ಆಸುಪಾಸು. ಕೆಲಸ ಮಾಡುವವರು ಒಂದೆರಡು ಸಾವಿರ. ನಮ್ಮ ಇಸ್ರೋ ಒಂದರಲ್ಲೇ ಹದಿನೈದು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಇಷ್ಟು ಸಣ್ಣ ಜಾಗಕ್ಕೆ ದುಡ್ಡು ಬರುವ ಬಾಗಿಲು ಮೂರು: ಗ್ರಾಹಕ, ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಇಸಾ, ಮತ್ತೆ ಹೂಡಿಕೆದಾರ.

ಗ್ರಾಹಕರ ದುಡ್ಡು ಎಸ್‌ಇಎಸ್‌ನಂಥ ಕಡೆ. ಟಿವಿ ಚಾನೆಲ್, ಹಡಗು, ವಿಮಾನ, ಸರ್ಕಾರಗಳು ತಿಂಗಳಿಗಿಷ್ಟು ಅಂತ ಕಟ್ಟುತ್ತವೆ. ಗಟ್ಟಿ ದುಡ್ಡು. ಆದರೂ ಕಣ್ಣು ಮುಚ್ಚಿ ಕೂರುವ ಹಾಗಿಲ್ಲ. ಡಿಶ್ ಟಿವಿ ನೋಡುವವರು ನಮ್ಮಲ್ಲಿ ಕಡಿಮೆ ಆಗುತ್ತಿರುವ ಹಾಗೇ ಅಲ್ಲೂ ಕಡಿಮೆ ಆಗುತ್ತಿದ್ದಾರೆ. ಅದಕ್ಕೇ ಕಂಪನಿ ಸುಮಾರು 8,000 ಕಿಲೋಮೀಟರ್ ಎತ್ತರದ ಒ3ಬಿ ಉಪಗ್ರಹಗಳ ಮೂಲಕ ಇಂಟರ್‌ನೆಟ್ ಸಂಪರ್ಕದ ಕಡೆ ಹೊರಳಿತು. 2025ರ ಜುಲೈನಲ್ಲಿ ತನ್ನ ಹಳೆಯ ಪ್ರತಿಸ್ಪರ್ಧಿ ಇಂಟೆಲ್‌ಸ್ಯಾಟ್ ಅನ್ನು 310 ಕೋಟಿ ಡಾಲರ್‌ಗೆ ಕೊಂಡಿತು. ಎರಡು ದೊಡ್ಡ ಕಂಪನಿ ಒಂದಾದಾಗ ಒಂದೇ ಕುರ್ಚಿಗೆ ಇಬ್ಬರು ಇರುತ್ತಾರೆ. ಹೊಸಬರಿಗೆ ಜಾಗ ತೆರೆಯೋದು ನಿಧಾನ ಆಗುತ್ತದೆ. ಆದರೆ ಬೇರೆ ಬೇರೆ ತಯಾರಕರ ನೂರಕ್ಕೂ ಹೆಚ್ಚು ಉಪಗ್ರಹಗಳನ್ನು ಒಂದೇ ವ್ಯವಸ್ಥೆಯಿಂದ ನಡೆಸಬೇಕು ಅಂದಾಗ ಸಾಫ್ಟ್‌ವೇರ್ ಬಲ್ಲವರ ಅಗತ್ಯ ಹೆಚ್ಚುತ್ತದೆ. ನಿಮ್ಮಂಥವರಿಗೆ ಅಲ್ಲಿ ದಾರಿ ಇದೆ ಅಂತ ನಾನು ಹೇಳೋದು ಅದಕ್ಕೇ.

ಎರಡನೆಯದು ಇಸಾ ದುಡ್ಡು. ಲಕ್ಸೆಂಬರ್ಗ್ ಇಸಾದ ಪೂರ್ಣ ಸದಸ್ಯ ಆದದ್ದು 2005ರಲ್ಲಿ. ಇಸಾದಲ್ಲಿ ಒಂದು ನಿಯಮ ಇದೆ. ಯಾವ ದೇಶ ಎಷ್ಟು ದುಡ್ಡು ಹಾಕುತ್ತದೋ, ಹೆಚ್ಚುಕಡಿಮೆ ಅಷ್ಟೇ ಮೊತ್ತದ ಕೆಲಸ ಆ ದೇಶದ ಕಂಪನಿಗಳಿಗೆ ವಾಪಸ್ ಬರಬೇಕು. ಚಿಕ್ಕ ದೇಶಕ್ಕೆ ಇದು ದೊಡ್ಡ ಆಸರೆ. ಒಂದು ದೊಡ್ಡ ಯೋಜನೆಯಲ್ಲಿ ಲಕ್ಸೆಂಬರ್ಗ್‌ನ ಪಾಲಿಗೆ ಬರುವ ಕೆಲಸ ಮಾಡಬಲ್ಲ ಕಂಪನಿ ಆ ದೇಶದಲ್ಲಿ ಒಂದೋ ಎರಡೋ ಇರುತ್ತದೆ. ಹೊರಗಿನ ಪೈಪೋಟಿ ಅಷ್ಟರ ಮಟ್ಟಿಗೆ ಕಡಿಮೆ. ಇದರ ಜೊತೆಗೆ ಲಕ್ಸ್‌ಇಂಪಲ್ಸ್ ಅನ್ನುವ ರಾಷ್ಟ್ರೀಯ ಯೋಜನೆಯೂ ಇದೆ. ಅದನ್ನೂ ಇಸಾ ಕಡೆಯಿಂದಲೇ ನಡೆಸುತ್ತಾರೆ. ಆದರೆ ಇಸಾ ಬಜೆಟ್ ತೀರ್ಮಾನ ಆಗುವುದು ಸುಮಾರು ಮೂರು ವರ್ಷಕ್ಕೊಮ್ಮೆ, ಸದಸ್ಯ ದೇಶಗಳ ಮಂತ್ರಿಗಳ ಸಭೆಯಲ್ಲಿ. 2022ರಲ್ಲಿ ಪ್ಯಾರಿಸ್‌ನಲ್ಲಿ ಆಯಿತು, 2025ರ ನವೆಂಬರ್‌ನಲ್ಲಿ ಬ್ರೆಮೆನ್‌ನಲ್ಲಿ ಆಯಿತು. ಬ್ರೆಮೆನ್‌ನಲ್ಲಿ 2,200 ಕೋಟಿ ಯೂರೋಗೂ ಜಾಸ್ತಿ ಒಪ್ಪಿಕೊಂಡರು, ಇಸಾ ಚರಿತ್ರೆಯಲ್ಲೇ ದೊಡ್ಡ ಮೊತ್ತ. ಸಭೆ ಮುಗಿದ ಮುಂದಿನ ಒಂದೆರಡು ವರ್ಷ ಸಣ್ಣ ಕಂಪನಿಗಳು ಜನರನ್ನು ತಗೊಳ್ಳುತ್ತವೆ. ಹೊಸ ಸಭೆ ಹತ್ತಿರ ಬಂದಾಗ ಕೈ ಬಿಗಿ ಮಾಡುತ್ತವೆ. ಈ ಏರಿಳಿತ ಗೊತ್ತಿದ್ದರೆ ಯಾವಾಗ ಅರ್ಜಿ ಹಾಕಬೇಕು ಅನ್ನೋದೂ ಗೊತ್ತಾಗುತ್ತದೆ.

ಮೂರನೆಯದು ಹೂಡಿಕೆದಾರರ ದುಡ್ಡು. ನಿಮ್ಮ ಸ್ಟಾರ್ಟಪ್ ಬಹುಶಃ ಇದರಲ್ಲಿ ನಡೆಯುತ್ತಿದೆ. 2016ರ ಫೆಬ್ರುವರಿಯಲ್ಲಿ ಆಗಿನ ಉಪಪ್ರಧಾನಿ ಎಟಿಯೆನ್ ಷ್ನೈಡರ್, ಕ್ಷುದ್ರಗ್ರಹ ಮತ್ತು ಚಂದ್ರನಲ್ಲಿ ಸಂಪನ್ಮೂಲ ತೆಗೆಯುವ ಉದ್ಯಮಕ್ಕೆ ಲಕ್ಸೆಂಬರ್ಗ್ ಮನೆಯಾಗಲಿದೆ ಅಂತ ಘೋಷಿಸಿದರು. ಜಗತ್ತೇ ತಿರುಗಿ ನೋಡಿತು. ಅಮೆರಿಕದ ಪ್ಲಾನೆಟರಿ ರಿಸೋರ್ಸಸ್ ಕಂಪನಿಗೆ ಒಟ್ಟು ಎರಡೂವರೆ ಕೋಟಿ ಯೂರೋ ಕೊಡುವ ಒಪ್ಪಂದ ಆಯಿತು. ಅದರಲ್ಲಿ 1.2 ಕೋಟಿ ಸರ್ಕಾರದ ಷೇರು ಬಂಡವಾಳ. 2018ರಲ್ಲಿ ಆ ಕಂಪನಿಗೆ ದುಡ್ಡು ಮುಗಿಯಿತು, ಬ್ಲಾಕ್‌ಚೈನ್ ಕಂಪನಿಯೊಂದು ಅದನ್ನು ಕೊಂಡಿತು, ಲಕ್ಸೆಂಬರ್ಗ್‌ನ ಷೇರು ದುಡ್ಡು ಹೋಯಿತು. ನಂತರ ಕ್ಲಿಯೋಸ್ ಸ್ಪೇಸ್. ಸಮುದ್ರದಲ್ಲಿ ಕದ್ದುಮುಚ್ಚಿ ಓಡಾಡುವ ಹಡಗುಗಳ ರೇಡಿಯೋ ಸಂಕೇತ ಹಿಡಿದು ಅವು ಎಲ್ಲಿವೆ ಅಂತ ಹೇಳುವ ಕಂಪನಿ. ಒಳ್ಳೆಯ ಯೋಚನೆ. ಅದರ ಮೊದಲ ನಾಲ್ಕು ಉಪಗ್ರಹ ಹೋದದ್ದು 2020ರ ನವೆಂಬರ್ 7ರಂದು ನಮ್ಮ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ ಸಿ49ರಲ್ಲಿ. 2023ರಲ್ಲಿ ಕಂಪನಿ ದಿವಾಳಿ ಆಯಿತು.

ಇದನ್ನೆಲ್ಲ ಹೇಳಿದ್ದು ಹೆದರಿಸೋಕಲ್ಲ. ಹೂಡಿಕೆದಾರರ ದುಡ್ಡಿನ ಕಂಪನಿಯಲ್ಲಿ ಕಲಿಯುವಷ್ಟು ಬೇಗ ಇನ್ನೆಲ್ಲೂ ಕಲಿಯೋಕೆ ಆಗಲ್ಲ. ಚಂದ್ರನಿಗೆ ಹೊರಟಿದ್ದ ಟೆನೇಷಸ್ ಅನ್ನುವ ಪುಟ್ಟ ರೋವರ್ ನೋಡಿ. ಜಪಾನಿನ ಐಸ್ಪೇಸ್ ಕಂಪನಿಯ ಲಕ್ಸೆಂಬರ್ಗ್ ತಂಡ ಕಟ್ಟಿದ್ದು. ತೂಕ ಸುಮಾರು ಐದು ಕಿಲೋ, ಎತ್ತರ ಒಂದಡಿಗಿಂತ ಕಡಿಮೆ. ಮುಂದೆ ಒಂದು ಸಣ್ಣ ಸಲಿಕೆ, ಒಂದು ಕ್ಯಾಮೆರಾ. ಚಂದ್ರನ ಮಣ್ಣನ್ನು ಸಲಿಕೆಯಲ್ಲಿ ಎತ್ತಿ, ಫೋಟೋ ತೆಗೆದು, ಆ ಮಣ್ಣಿನ ಮಾಲೀಕತ್ವವನ್ನು ನಾಸಾಗೆ 5,000 ಡಾಲರ್‌ಗೆ ಮಾರುವ ಒಪ್ಪಂದ ಅದಕ್ಕಿತ್ತು. 2025ರ ಜೂನ್ 5ರಂದು ಇಳಿಯುವಾಗ ಅದನ್ನು ಹೊತ್ತಿದ್ದ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಎತ್ತರ ಅಳೆಯುವ ಲೇಸರ್ ಸಾಧನದಿಂದ ಸರಿಯಾದ ಅಳತೆ ಬರುವುದು ತಡವಾಗಿತ್ತು. ರೋವರ್ ಚಕ್ರ ಉರುಳಿಸಲೇ ಇಲ್ಲ. ಆದರೂ ಆ ರೋವರ್ ಕಟ್ಟಿದವರು ಅದರ ಮೋಟಾರು, ತಾಪ ನಿಯಂತ್ರಣ, ರೇಡಿಯೋ, ಸಾಫ್ಟ್‌ವೇರ್ ಎಲ್ಲವನ್ನೂ ಕೈಯಾರೆ ಮಾಡಿ, ಪರೀಕ್ಷೆ ಪಾಸು ಮಾಡಿಸಿ, ಚಂದ್ರನ ಕಕ್ಷೆವರೆಗೆ ಕಳಿಸಿದ್ದಾರೆ. ಅಂಥವರ ಬಯೋಡೇಟಾ ಯಾರೂ ಪಕ್ಕಕ್ಕಿಡುವುದಿಲ್ಲ.

ಹಾಗಾದರೆ ಕಂಪನಿ ಮುಳುಗಿದಾಗ ಯಾರು ತೇಲುತ್ತಾರೆ, ಯಾರು ಒದ್ದಾಡುತ್ತಾರೆ? ನಾನು ಕಂಡ ಹಾಗೆ, ಕಂಪನಿಯ ಸ್ವಂತ ಉಪಕರಣವೊಂದನ್ನೇ ಬಲ್ಲವರು ಒದ್ದಾಡುತ್ತಾರೆ. ಎಲ್ಲರೂ ಬಳಸುವ ವಿದ್ಯೆ ಬಲ್ಲವರಿಗೆ ಮೂರು ತಿಂಗಳೊಳಗೆ ಪಕ್ಕದ ಕಟ್ಟಡದಲ್ಲೇ ಕೆಲಸ ಸಿಗುತ್ತದೆ. ಇದು ಚಿಕ್ಕ ದೇಶದ ಒಳ್ಳೆಯ ಗುಣ. ಎಲ್ಲರಿಗೂ ಎಲ್ಲರೂ ಗೊತ್ತು. ಆಂಟೆನಾ ಮಾಡುವವರು, ಉಪಗ್ರಹ ನಡೆಸುವವರು, ವಿಶ್ವವಿದ್ಯಾಲಯದವರು, ಬಾಹ್ಯಾಕಾಶ ಸಂಸ್ಥೆಯವರು ಒಂದೇ ಸಭೆಯಲ್ಲಿ ಊಟ ಮಾಡುತ್ತಾರೆ. ಬೆಂಗಳೂರಿನಲ್ಲಿ ಐದು ವರ್ಷ ಓಡಾಡಿದರೂ ಸಿಗದ ಹಿರಿಯರ ಪರಿಚಯ ಅಲ್ಲಿ ಒಂದು ವರ್ಷದಲ್ಲಿ ಆಗುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಒಂದು ಕಡೆ ಹೆಸರು ಕೆಡಿಸಿಕೊಂಡರೆ ಆ ಸುದ್ದಿ ನಿಮಗಿಂತ ಮೊದಲೇ ಮುಂದಿನ ಇಂಟರ್‌ವ್ಯೂ ಕೋಣೆಯಲ್ಲಿ ಇರುತ್ತದೆ. ನೋಟಿಸ್ ಅವಧಿ ಪೂರ್ತಿ ಮುಗಿಸಿ, ಕೆಲಸ ಚೆನ್ನಾಗಿ ಒಪ್ಪಿಸಿ ಹೊರಡೋದು ಅಲ್ಲಿ ಬರೀ ಸೌಜನ್ಯ ಅಲ್ಲ, ಮುಂದಿನ ಕೆಲಸಕ್ಕೆ ಅದೇ ಶಿಫಾರಸು.

ನಿಮ್ಮ ವಿಷಯಕ್ಕೆ ಬರೋಣ. ಆನ್‌ಬೋರ್ಡ್ ಸಾಫ್ಟ್‌ವೇರ್ ನಾಲ್ಕು ವರ್ಷ ಬರೆದಿದ್ದೀರಿ. ಇದು ಒಳ್ಳೆಯ ಬಂಡವಾಳ. ಯುರೋಪಿನಲ್ಲಿ ಅದಕ್ಕೆ ಬೆಲೆ ಬರಬೇಕಾದರೆ ಇಸಿಎಸ್‌ಎಸ್ ಅನ್ನುವ ಅವರ ಬಾಹ್ಯಾಕಾಶ ಮಾನದಂಡಗಳು ಗೊತ್ತಿರಬೇಕು. ದಾಖಲೆಗಳು ಉಚಿತವಾಗಿ ಸಿಗುತ್ತವೆ, ಇವತ್ತೇ ಇಳಿಸಿಕೊಳ್ಳಬಹುದು. ಸಾಫ್ಟ್‌ವೇರ್‌ಗೆ ಇ-ಎಸ್‌ಟಿ-40, ಅದರ ಗುಣಮಟ್ಟದ ಖಾತ್ರಿಗೆ ಕ್ಯೂ-ಎಸ್‌ಟಿ-80. ಇವೆರಡಕ್ಕಿಂತ ಮೊದಲು ಪಿಯುಎಸ್ ಓದಿ, ಅಂದರೆ ಇ-ಎಸ್‌ಟಿ-70-41. ಭೂಮಿಯಿಂದ ಉಪಗ್ರಹಕ್ಕೆ ಹೋಗುವ ಆಜ್ಞೆ, ಅಲ್ಲಿಂದ ಬರುವ ಮಾಹಿತಿ ಯಾವ ಆಕಾರದಲ್ಲಿರಬೇಕು ಅಂತ ಅದು ಹೇಳುತ್ತದೆ. ಒಂದನೇ ಸೇವೆ ಆಜ್ಞೆ ಮುಟ್ಟಿತಾ, ನಡೆಯಿತಾ ಅನ್ನುವ ವರದಿ. ಮೂರನೇ ಸೇವೆ ಉಪಗ್ರಹದ ಆರೋಗ್ಯದ ದಿನಚರಿ. ಹದಿನೇಳನೇ ಸೇವೆ ಬರೀ ಮಾತಾಡಿಸುವುದು. ನೀವು 17,1 ಕಳಿಸುತ್ತೀರಿ, ಉಪಗ್ರಹ ಬದುಕಿದ್ದರೆ 17,2 ಅಂತ ಉತ್ತರ ಕೊಡುತ್ತದೆ. ಹೊಸ ಉಪಗ್ರಹದಿಂದ ಮೊದಲ ಸಲ ಆ 17,2 ಬಂದಾಗ ಕೋಣೆಯಲ್ಲಿ ಇದ್ದವರ ಮುಖ ನೋಡಬೇಕು. ನಿಮ್ಮ ಈಗಿನ ಕಂಪನಿಯ ಸಾಫ್ಟ್‌ವೇರ್ ಬೇರೆ ರೀತಿ ಮಾತಾಡುತ್ತಿರಬಹುದು. ಮನೆಯಲ್ಲೇ ಒಂದು ಸಣ್ಣ ಬೋರ್ಡಿನ ಮೇಲೆ ಪಿಯುಎಸ್‌ನ ನಾಲ್ಕೈದು ಸೇವೆ ಬರೆದು ಓಡಿಸಿ. ಇಂಟರ್‌ವ್ಯೂನಲ್ಲಿ ಅದನ್ನು ತೋರಿಸಿದರೆ, ಸರ್ಟಿಫಿಕೇಟು ಕೇಳುವವರು ಕಡಿಮೆ.

ಮಾಸ್ಟರ್ಸಾ, ಕೆಲಸವಾ? ಸ್ಟಾರ್ಟಪ್‌ಗೆ ಇಸಾ ಒಪ್ಪಂದ ಅಥವಾ ದುಡ್ಡು ಕೊಡುವ ಗ್ರಾಹಕರು ಇದ್ದರೆ ಕೆಲಸ ತಗೊಳ್ಳಿ. ನಾಲ್ಕು ವರ್ಷದ ಅನುಭವ ಇರುವವರಿಗೆ ಉಪಗ್ರಹ ಅಂದರೇನು ಅಂತ ಮತ್ತೆ ತರಗತಿಯಲ್ಲಿ ಕೇಳುವ ಅಗತ್ಯ ಇಲ್ಲ. ಬರೀ ಹೂಡಿಕೆದಾರರ ದುಡ್ಡೇ ಆಗಿದ್ದರೆ ನಾನು ಮಾಸ್ಟರ್ಸ್ ಕಡೆ. ಎರಡು ವರ್ಷದ ಕೋರ್ಸು, ಇಂಗ್ಲಿಷಿನಲ್ಲಿ, ಯುರೋಪಿನ ಬೇರೆ ಕಡೆಗೆ ಹೋಲಿಸಿದರೆ ಶುಲ್ಕವೂ ಕಡಿಮೆ. ಇಂಜಿನಿಯರಿಂಗ್ ಜೊತೆಗೆ ವ್ಯವಹಾರ, ಕಾನೂನು ಕೂಡ ಕಲಿಸುತ್ತಾರೆ. ಚಂದ್ರನ ನೆಲದ ಹಾಗೆ ಬಸಾಲ್ಟ್ ಕಲ್ಲು ಹರಡಿ, ಓರೆಯಾಗಿ ಒಂದೇ ದೀಪ ಹಾಕಿ, ರೋವರ್ ಓಡಿಸುವ ಲೂನಾಲ್ಯಾಬ್ ಇದೆ. ಕೊನೆಯ ಸೆಮಿಸ್ಟರ್ ಯಾವುದಾದರೂ ಕಂಪನಿಯಲ್ಲೋ ಪ್ರಯೋಗಾಲಯದಲ್ಲೋ ಪ್ರಾಜೆಕ್ಟ್. ಅಷ್ಟು ಹೊತ್ತಿಗೆ ಯಾವ ಕಂಪನಿ ಗಟ್ಟಿ, ಯಾವುದು ಬರೀ ಮಾತು ಅಂತ ನೀವೇ ಅಲ್ಲಿದ್ದು ನೋಡಿರುತ್ತೀರಿ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂಬತ್ತು ತಿಂಗಳ ವಾಸದ ಪರವಾನಗಿ ಪಡೆಯುವ ಅವಕಾಶವೂ ಇದೆ.

ಕಾಗದಪತ್ರದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳಿಬಿಡ್ತೀನಿ. ನಮ್ಮಂಥ ಯುರೋಪಿನಾಚೆಯವರು ಸಾಮಾನ್ಯವಾಗಿ ಇಯು ಬ್ಲೂ ಕಾರ್ಡ್, ಅಂದರೆ ಯುರೋಪಿಯನ್ ಒಕ್ಕೂಟ ನುರಿತ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ ಮೇಲೆ ಹೋಗುತ್ತಾರೆ. ಕೆಲಸ ಹೋದರೆ, ಕಾರ್ಡ್ ಸಿಕ್ಕಿ ಎರಡು ವರ್ಷ ಆಗಿರದಿದ್ದರೆ, ಹೊಸದು ಹುಡುಕಲು ಮೂರು ತಿಂಗಳು ಸಮಯ. ಎರಡು ವರ್ಷ ದಾಟಿದ್ದರೆ ಆರು ತಿಂಗಳು. ಕೆಲಸದಿಂದ ತೆಗೆಯುವುದಾದರೆ ಮೊದಲ ಐದು ವರ್ಷದೊಳಗೆ ಮಾಲೀಕರು ಎರಡು ತಿಂಗಳ ನೋಟಿಸ್ ಕೊಡಬೇಕು. ಆದರೆ ಕಂಪನಿ ದಿವಾಳಿಯಾದರೆ ಒಪ್ಪಂದ ಆ ದಿನವೇ ಮುಗಿದ ಹಾಗೆ. ಬಾಕಿ ಸಂಬಳಕ್ಕೆ ಒಂದು ಮಿತಿಯವರೆಗೆ ಸರ್ಕಾರದ ಖಾತ್ರಿ ಇದೆ, ಗಾಬರಿ ಬೇಡ. ಇನ್ನೊಂದು ದೊಡ್ಡ ಗೋಡೆ ಪೌರತ್ವದ್ದು. ಇಸಾದಲ್ಲೇ ನೇರವಾಗಿ ಕೆಲಸ ಬೇಕು ಅಂದರೆ ಸಾಮಾನ್ಯವಾಗಿ ಸದಸ್ಯ ಅಥವಾ ಸಹಸದಸ್ಯ ದೇಶದ ಪೌರರಾಗಿರಬೇಕು. ಭಾರತ ಆ ಪಟ್ಟಿಯಲ್ಲಿ ಇಲ್ಲ. ಸೇನೆ ಮತ್ತು ಸರ್ಕಾರಕ್ಕೆ ಸಂಪರ್ಕ ಒದಗಿಸುವ ಗವ್‌ಸ್ಯಾಟ್‌ನಂಥ ಕಡೆ ಭದ್ರತಾ ತಪಾಸಣೆ ಇರುತ್ತದೆ. ಅಮೆರಿಕದ ಬಿಡಿಭಾಗ ಇರುವ ಕೆಲವು ಯೋಜನೆಗಳಲ್ಲಿ, ಅವರ ರಫ್ತು ಕಾನೂನಿನ ಕಾರಣಕ್ಕೆ, ನಿಮ್ಮನ್ನು ಕೋಣೆಯ ಹೊರಗೆ ಕೂರಿಸಬಹುದು. ಅವಮಾನ ಅಂದುಕೊಳ್ಳಬೇಡಿ, ಇಡೀ ಉದ್ಯಮದಲ್ಲಿ ಇದು ಹೀಗೇ. ಐದು ವರ್ಷ ಅಲ್ಲಿದ್ದು, ಲಕ್ಸೆಂಬರ್ಗಿಷ್ ಭಾಷೆಯ ಪರೀಕ್ಷೆ ಪಾಸಾದರೆ ಪೌರತ್ವ ಕೇಳಬಹುದು. ಆದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಅದು ಮನೆಯವರ ಜೊತೆ ಕೂತು ಮಾತಾಡುವ ವಿಷಯ.

ಇಂಜಿನಿಯರಿಂಗ್ ಓದದ ತಂಗಿಯೋ ಗೆಳೆಯರೋ ಇದ್ದರೆ ಅವರಿಗೂ ಒಂದು ಮಾತು ತಲುಪಿಸಿ. 2017ರ ಆಗಸ್ಟ್ 1ರಿಂದ ಜಾರಿಯಾದ ಕಾನೂನಿನಲ್ಲಿ, ಬಾಹ್ಯಾಕಾಶದ ಸಂಪನ್ಮೂಲಕ್ಕೆ ಒಡೆತನ ಸಾಧ್ಯ ಅಂತ ಲಕ್ಸೆಂಬರ್ಗ್ ಬರೆದುಕೊಂಡಿತು. ಅಮೆರಿಕ ಬಿಟ್ಟರೆ ಹಾಗೆ ಬರೆದ ಎರಡನೇ ದೇಶ ಅದು. 2020ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳಿಗೇ ಇನ್ನೊಂದು ಕಾನೂನು ಬಂತು. ಪರವಾನಗಿ, ವಿಮೆ, ತರಂಗಾಂತರದ ಹಕ್ಕು, ಹೂಡಿಕೆ ಒಪ್ಪಂದ ಇವೆಲ್ಲ ಬಲ್ಲ ವಕೀಲರು, ಲೆಕ್ಕಿಗರು ಅಲ್ಲಿ ಬೇಕು. ನಮ್ಮಲ್ಲೂ 2020ರ ನಂತರ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಇಂಥವರ ಕೊರತೆ ಎದ್ದು ಕಾಣುತ್ತಿದೆ.

ವಾಪಸ್ ಬಂದರೆ ಬೆಲೆ ಇರುತ್ತಾ ಅಂದಿರಲ್ಲ. ಇರುತ್ತದೆ, ಆದರೆ ನೀವು ಏನು ತರುತ್ತೀರಿ ಅನ್ನೋದರ ಮೇಲೆ. ಕೈಯಲ್ಲಿ ಬೆಸುಗೆ ಹಾಕಿ, ಕಂಪನ ಪರೀಕ್ಷೆ ಮಾಡಿ, ಆರು ತಿಂಗಳಲ್ಲಿ ಯಂತ್ರ ಹಾರಿಸುವ ಅನುಭವಕ್ಕೆ ಈ ಹೊತ್ತು ಬೆಂಗಳೂರೇ ಲಕ್ಸೆಂಬರ್ಗ್‌ಗಿಂತ ಒಳ್ಳೆಯ ಊರು. ಪೀಣ್ಯ, ವೈಟ್‌ಫೀಲ್ಡ್ ಕಡೆ ಸುತ್ತಿದರೆ ಬೇಕಾದ ಭಾಗ ಮಾಡಿಕೊಡುವ ಕಾರ್ಖಾನೆ ಸಿಗುತ್ತದೆ. ಅದಕ್ಕಾಗಿ ವಿಮಾನ ಹತ್ತುವ ಅಗತ್ಯ ಇಲ್ಲ. ನಮ್ಮ ಸಣ್ಣ ಕಂಪನಿಗಳಲ್ಲಿ ಕಡಿಮೆ ಇರುವುದು ಹಾರಿದ ಮೇಲೆ ಹತ್ತು ಹದಿನೈದು ವರ್ಷ ಉಪಗ್ರಹಗಳ ಹಿಂಡನ್ನು ನಡೆಸಿ, ಅದರಿಂದ ದುಡ್ಡು ಮಾಡಿದ ಅನುಭವ. ಯುರೋಪಿನ ಗ್ರಾಹಕರಿಗೆ ನಮ್ಮ ಭಾಗಗಳನ್ನು ಮಾರಲು ಅವರ ಮಾನದಂಡದ ದಾಖಲೆ ಬರೆಯಬಲ್ಲವರೂ ಬೇಕು. 2024ರಲ್ಲಿ ವಿದೇಶಿ ಹೂಡಿಕೆಯ ನಿಯಮ ಸಡಿಲ ಆದ ಮೇಲೆ ಇದು ಇನ್ನೂ ಜಾಸ್ತಿ ಆಗಿದೆ. ಇವೆರಡನ್ನು ಕಲಿತು ಬಂದರೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿ ಮಾಡಿದ್ದನ್ನೇ ಅಲ್ಲೂ ಹತ್ತು ವರ್ಷ ಮಾಡಿದರೆ ಕೈಯಲ್ಲಿ ಯೂರೋ ಉಳಿದೀತು, ಅಷ್ಟೇ.

ಬದುಕಿನ ಬಗ್ಗೆ ಎರಡು ಮಾತು. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಅಂಗಡಿಯಲ್ಲಿ ಫ್ರೆಂಚ್ ಬೇಕು. ಬಸ್ಸು, ರೈಲು, ಟ್ರಾಮ್ 2020ರಿಂದ ದೇಶಪೂರ್ತಿ ಉಚಿತ. ಬೆಲೆ ಏರಿದ ಹಾಗೆ ಸಂಬಳವೂ ತಾನಾಗಿ ಏರುವ ಕಾನೂನಿದೆ. ಆದರೆ ಮನೆ ಬಾಡಿಗೆ ಸಿಕ್ಕಾಪಟ್ಟೆ ದುಬಾರಿ. ಆ ಕಾರಣಕ್ಕೇ ಎರಡು ಲಕ್ಷಕ್ಕೂ ಹೆಚ್ಚು ಜನ ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ಗಡಿಯಾಚೆಯಿಂದ ದಿನಾ ಕೆಲಸಕ್ಕೆ ಬಂದು ಹೋಗುತ್ತಾರೆ. ನಿಮ್ಮ ವಾಸದ ಪರವಾನಗಿ ಲಕ್ಸೆಂಬರ್ಗ್‌ನದ್ದು, ಹಾಗಾಗಿ ಗಡಿಯಾಚೆ ಮನೆ ಮಾಡುವ ಲೆಕ್ಕ ಮೊದಲೇ ಹಾಕಬೇಡಿ.

ಸ್ಟಾರ್ಟಪ್‌ನವರ ಜೊತೆ ಮುಂದಿನ ಮಾತುಕತೆಯಲ್ಲಿ ಸಂಕೋಚ ಬಿಟ್ಟು ಕೇಳಿ. ಕಳೆದ ವರ್ಷ ಬಂದ ದುಡ್ಡಿನಲ್ಲಿ ಗ್ರಾಹಕರದ್ದೆಷ್ಟು, ಇಸಾದ್ದೆಷ್ಟು, ಹೂಡಿಕೆದಾರರದ್ದೆಷ್ಟು? ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು? ಮುಂದಿನ ಉಡಾವಣೆ ತಡವಾದರೆ ಸಾಫ್ಟ್‌ವೇರ್ ತಂಡ ಏನು ಮಾಡುತ್ತದೆ? ಪರೀಕ್ಷಾ ಅವಧಿ ಆರು ತಿಂಗಳಾ, ಅದಕ್ಕಿಂತ ಜಾಸ್ತಿಯಾ? ನಿಮ್ಮ ಹೆಸರಲ್ಲಿ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕುತ್ತಾರಾ, ಬೇರೆ ಯಾವುದಾದರೂ ಪರವಾನಗಿಯಾ? ಮೊದಲ ಎರಡು ಪ್ರಶ್ನೆಗೆ ಅಂಕಿ ಕೊಡಲು ಹಿಂಜರಿದರೆ ವಿಶ್ವವಿದ್ಯಾಲಯದ ಸೀಟು ಉಳಿಸಿಕೊಳ್ಳಿ. ಉತ್ತರ ಬಂದ ಮೇಲೆ ಮತ್ತೆ ಬರೆಯಿರಿ. ಒಪ್ಪಂದದ ಕಾಗದ ಕಳಿಸಿದರೆ ನೀವು ಸಹಿ ಹಾಕುವ ಮೊದಲು ಓದಿ ಹೇಳ್ತೀನಿ.